ಎಡಗೈ ಅರ ಹಾಕಿದ ಚೈನು

ಸೋಮವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ, ಅಡುಗೆಮನೆಯ ಮೇಜಿನಿಂದ

ನನ್ನ ಓರಗಿತ್ತಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಒಂಬತ್ತು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದವಳು ಆ ಮಾತು ಬರೆದರೆ ನೀನು ಕಾಗದವನ್ನು ಅಲ್ಲೇ ಒಲೆಗೆ ಹಾಕುತ್ತೀಯ. ಹಾಕಬೇಡ, ಪೂರ್ತಿ ಓದು. ಓದಿದ ಮೇಲೆ ಹಾಕಬೇಕು ಅನ್ನಿಸಿದರೆ ಹಾಕು. ನಿಮ್ಮ ಮನೆಗೂ ನಮ್ಮ ಮನೆಗೂ ಹದಿನೈದು ನಿಮಿಷದ ನಡಿಗೆ. ಅಷ್ಟಕ್ಕೆ ಅಂಚೆಚೀಟಿ ಅಂಟಿಸಿದ್ದಾಳೆ ಎಂದು ಅಂಚೆಯವನು ನಕ್ಕರೆ ನಗಲಿ. ನಿನ್ನ ಬಾಗಿಲಲ್ಲಿ ನಿಂತು ಹೇಳುವುದಕ್ಕೆ ನನಗೆ ಮುಖವಿಲ್ಲ.

‘ದೇವರ ದಯೆಯಿಂದ ನಾವು ಕ್ಷೇಮ’ ಎಂದು ಬರೆಯುವುದು ವಾಡಿಕೆ. ಈ ಸಲ ದಯೆ ಉಂಟು, ಕ್ಷೇಮ ಇಲ್ಲ. ನಿನ್ನ ಭಾವ ಹೋದ ತಿಂಗಳು ಲಾರಿಯಿಂದ ದಿಮ್ಮಿ ಇಳಿಸುವಾಗ ಜಾರಿ ಕಾಲು ಮುರಿದುಕೊಂಡರು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಇನ್ನೂ ಐದು ವಾರ ಮಂಚ ಬಿಟ್ಟು ಇಳಿಯುವಂತಿಲ್ಲ. ಆದರೆ ನಾನು ಬರೆಯಲು ಕೂತಿದ್ದು ಅವರ ಕಾಲಿನ ವಿಷಯಕ್ಕಲ್ಲ. ಶುಕ್ರವಾರ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ತಲೆ ಕೆಡುತ್ತದೆ. ಆ ‘ಯಾರಿಗಾದರೂ’ ನೀನೇ ಆಗಬೇಕು.

ಬೇಕರಿಯ ಒಲೆಗೆ ಸೌದೆ ಕೊಡುವುದು ನಾವೇ ಎಂಬುದು ನಿನಗೆ ಗೊತ್ತು. ಆ ಒಂದು ಗುತ್ತಿಗೆಯಿಂದಲೇ ನಮ್ಮ ಮನೆಯ ಒಲೆಯೂ ಉರಿಯುವುದು. ಬೇಕರಿಯವರು ಒಳ್ಳೆಯವರೇ. ಆದರೂ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಸೌದೆ ಬರದಿದ್ದರೆ ಗ್ಯಾಸಿನ ಒಲೆ ಹಾಕಿಸುತ್ತೇನೆ ಎಂದು ಹೇಳಿ ಕಳಿಸಿದರು. ಗ್ಯಾಸ್ ಹಾಕಿಸಿದವರು ಮತ್ತೆ ಸೌದೆಗೆ ಬರುತ್ತಾರೆಯೇ? ಹಾಗಾಗಿ ಮರದ ಮಿಲ್ಲಿನ ಒಬ್ಬ ಕೂಲಿಯವನನ್ನು ಒಪ್ಪಿಸಿ ನಮ್ಮ ಹಳೆಯ ಗರಗಸದ ಮೆಷಿನ್ನನ್ನು ಅವನ ಕೈಗೆ ಕೊಟ್ಟೆ. ಅದೇ ಮೆಷಿನ್ನು, ಅಣ್ಣ ತಮ್ಮ ಸೇರಿ ಕೊಂಡದ್ದು. ಅವನು ಎರಡು ದಿನ ಕೊಯ್ದು, ಮೂರನೇ ದಿನ ತಂದು ಜಗಲಿಯ ಮೇಲಿಟ್ಟ. “ಅಮ್ಮ, ಇದು ಕೊಯ್ಯಲ್ಲ, ಮರಕ್ಕೆ ತಲೆ ಬಾಚುತ್ತೆ” ಅಂದ. ಚೈನಿನ ಹಲ್ಲು ಹರಿತವಾಗಲೆಂದು ಅರ ಹಾಕಿ ಹಾಕಿ ಮುಗಿದೇಹೋಗಿದೆಯಂತೆ. ಚೈನು ಓಡುವ ಉದ್ದನೆಯ ಕಬ್ಬಿಣದ ಪಟ್ಟಿಯೂ ಒಂದು ಕಡೆ ಸವೆದಿದೆಯಂತೆ. ಎರಡೂ ಹೊಸದು ಬೇಕು ಅಂದ.

ನಿನ್ನ ಭಾವನಿಗೆ ಹೇಳಿದೆ. ಅವರು ಮಂಚದ ಮೇಲಿಂದಲೇ, “ಚೈನಿನ ಸುದ್ದಿಗೆ ನೀನು ಹೋಗಬೇಡ. ನಾನು ಎದ್ದ ಮೇಲೆ ನೋಡ್ಕೋತೀನಿ” ಅಂದರು. ಒಂದು ಸಲವಲ್ಲ, ಮೂರು ಸಲ. ಎದ್ದ ಮೇಲೆ ಎಂದರೆ ಬೇಕರಿಗೆ ಗ್ಯಾಸ್ ಬಂದ ಮೇಲೆ. ಖರ್ಚಿಗೆ ಹೆದರಿ ಹಾಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಅವರು ಮಾತ್ರೆ ನುಂಗಿ ಮಲಗಿದ್ದಾಗ, ಚೈನನ್ನೂ ಪಟ್ಟಿಯನ್ನೂ ಬಿಚ್ಚಿ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ.

ಮೊದಲು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ ಹೋದೆ. ಅಂಗಡಿಯವನು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಅಜ್ಜಿ ಕಾಲದ ಮೆಷಿನ್ನು, ಕಂಪನಿಯವರೇ ಮರೆತಿದ್ದಾರೆ ಅಂದ. ಅಜ್ಜಿಯೇ ಬಂದಿದ್ದೀನಪ್ಪ, ನೋಡು ಅಂದೆ. ಅವನು ನಗಲಿಲ್ಲ. ತರಿಸಿಕೊಡಬಹುದು, ಚೈನು ಪಟ್ಟಿ ಎರಡೂ ಸೇರಿ ಇಷ್ಟಾಗುತ್ತದೆ ಎಂದು ಚೀಟಿ ಬರೆದುಕೊಟ್ಟ. ಅದು ಹೊಸ ಮೆಷಿನ್ನಿನ ಅರ್ಧ ಬೆಲೆ. ಚೀಟಿಯನ್ನು ಮಡಚಿ ರವಿಕೆಗೆ ಸೇರಿಸಿ ಹೊರಗೆ ಬಂದೆ.

ಅಲ್ಲಿಂದ ರೈಲುಹಳಿಯ ಪಕ್ಕದ ಗುಜರಿಗೆ ಹೋದೆ. ಗುಜರಿ ನಡೆಸುವವಳು ಹೆಂಗಸು. ಗಂಡಸರ ಶರ್ಟು ಹಾಕಿಕೊಂಡು ಪೀಪಾಯಿಗಳ ನಡುವೆ ರಾಣಿಯ ಹಾಗೆ ಕೂತಿರುತ್ತಾಳೆ. ಒಂದು ಪೀಪಾಯಿಗೆ ಭುಜದವರೆಗೆ ಕೈ ಹಾಕಿ ತಡಕಿ ಒಂದು ಚೈನು ಎಳೆದಳು. ಹೆಚ್ಚುಕಡಿಮೆ ಹೊಸದೇ. ನಮ್ಮದರ ಪಕ್ಕ ಹಿಡಿದು ನೋಡಿದೆ. ಉದ್ದ ಅಷ್ಟೇ, ಹಲ್ಲೂ ಹಾಗೇ, ಅಕ್ಕತಂಗಿಯರ ಹಾಗೆ ಕಂಡವು. ಬೆಲೆ ಕೇಳಿದರೆ ಅಡುಗೆಮನೆಯ ಡಬ್ಬಿಯ ಚಿಲ್ಲರೆಯಲ್ಲೇ ಮುಗಿಯುವಷ್ಟು. ದೇವರೇ ದಾರಿ ತೋರಿಸಿದ ಎಂದು ಪರ್ಸ್ ತೆಗೆದೆ. ಗುಜರಿಯವಳು ನನ್ನ ಕೈ ಹಿಡಿದು ನಿಲ್ಲಿಸಿದಳು. “ಈಗ ಬೇಡ. ಅರದಜ್ಜನಿಗೆ ತೋರಿಸಿಕೊಂಡು ಬಾ. ಅವನು ಸರಿ ಅಂದ್ರೆ ದುಡ್ಡು ಕೊಡು. ನೋಡೋಕೆ ಒಂದೇ ಥರ ಇದ್ದ ಮಾತ್ರಕ್ಕೆ ಆಗಲ್ಲಮ್ಮ. ಯಾರದ್ದಾದ್ರೂ ಕೈ ಹೋದ್ರೆ ಆ ಪಾಪ ನನಗ್ಯಾಕೆ?” ಅಂದಳು. ಗುಜರಿಯವಳಿಗೆ ಇರುವ ಬುದ್ಧಿ ಎಲ್ಲರಿಗೂ ಇರುವುದಿಲ್ಲ ಎಂದಷ್ಟೇ ಈಗ ಬರೆಯುತ್ತೇನೆ.

ಅರದಜ್ಜ ಎಂದರೆ ಗರಗಸ, ಕತ್ತರಿ, ಕುಡುಗೋಲುಗಳಿಗೆ ಅರ ಹಾಕುವ ಮುದುಕ. ಮುದ್ರಣಾಲಯದ ಮೆಟ್ಟಿಲಿನ ಕೆಳಗೆ ಅವನ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ನಾನು ಹಿಂದೆಂದೂ ಅಲ್ಲಿಗೆ ಹೋಗಿರಲಿಲ್ಲ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾನೆ. ಆದರೆ ಕೆಲಸ ನೋಡುವಾಗ ಕಣ್ಣು ಮುಚ್ಚುತ್ತಾನೆ. ಮೊದಲು ನಮ್ಮ ಹಳೆಯ ಚೈನನ್ನು ತೆಗೆದುಕೊಂಡು, ನಾನು ಜಪಮಣಿ ಎಣಿಸುವ ಹಾಗೆ, ಒಂದೊಂದೇ ಹಲ್ಲನ್ನು ಹೆಬ್ಬೆರಳಲ್ಲಿ ಸವರುತ್ತಾ ಹೋದ. ಅರ್ಧ ಸುತ್ತು ಆದ ಮೇಲೆ, “ಇದಕ್ಕೆ ಅರ ಹಾಕೋರು ಯಾರು ತಾಯಿ?” ಎಂದು ಕೇಳಿದ.

ನಮ್ಮ ಮನೆಯವರು ಅಂದೆ.

“ಎಡಚರೋ?”

ಅಲ್ಲ, ಬಲಗೈಯವರೇ ಅಂದೆ.

“ಹಾಗಾದ್ರೆ ಇದು ಅವರ ಕೈಯಲ್ಲ” ಅಂದ. ಚಹಾ ಆರಿದೆ ಅನ್ನುವಷ್ಟು ಸಲೀಸಾಗಿ ಅಂದುಬಿಟ್ಟ.

ನನಗೆ ಸಿಟ್ಟು ಬಂತು. ಇಪ್ಪತ್ತೆಂಟು ವರ್ಷ ಅವರ ಜೊತೆ ಸಂಸಾರ ಮಾಡಿದವಳು ನಾನು, ಅವರ ಕೈ ನನಗೆ ಗೊತ್ತಿಲ್ಲವೇ ಅಂದೆ. ಅವನು ಬೇಸರ ಮಾಡಿಕೊಳ್ಳದೆ ಕೂರಿಸಿ ತೋರಿಸಿದ. ಚೈನಿನಲ್ಲಿ ಕೊಯ್ಯುವ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ ಇರುತ್ತದೆ. ಬಲಗೈಯವರು ಅರ ಹಾಕಿದರೆ ಅವರ ಕೈಗೆ ಅನುಕೂಲವಾದ ಸಾಲು ಕೂದಲೆಳೆಯಷ್ಟಾದರೂ ಹೆಚ್ಚು ಸವೆಯುತ್ತದೆ. ಎಡಗೈಯವರದ್ದು ಅದಕ್ಕೆ ಉಲ್ಟಾ. ಎಷ್ಟೇ ಜಾಣ ಇದ್ದರೂ ಈ ಗುರುತು ಉಳಿಯುತ್ತದೆಯಂತೆ. ನಮ್ಮ ಚೈನಿನಲ್ಲಿ ಅದು ಉಲ್ಟಾ ಇತ್ತು. ಕೆಲಸ ಮಾತ್ರ ಬಹಳ ಅಚ್ಚುಕಟ್ಟು, ಹಲ್ಲಿಗೆ ಮೂರೇ ಉಜ್ಜು, ಹೆಚ್ಚಿಲ್ಲ ಕಡಿಮೆಯಿಲ್ಲ, ಇಂಥ ಕೈ ಊರಿನಲ್ಲಿ ಇನ್ನೊಂದಿಲ್ಲ ಅಂದ. ಆಮೇಲೆ ಒಂದು ಹಲ್ಲಿನ ತುದಿಯನ್ನು ನನ್ನ ಉಗುರಿಗೆ ತಾಗಿಸಿ, “ಇಲ್ಲಿ ನೋಡಿ, ಕೊನೆಯಲ್ಲಿ ಅರ ಚೂರು ಮೇಲಕ್ಕೆ ಏಳುತ್ತೆ. ಪ್ರತಿ ಹಲ್ಲಲ್ಲೂ ಹೀಗೇ. ಅರದ ತುದಿ ಹಿಡಿಯೋ ಬಲಗೈಗೆ ಬಲ ಸಾಲದು. ಆ ಕೈಗೆ ಏನೋ ಆಗಿದೆ ಪಾಪ” ಅಂದ.

ನಮ್ಮ ಎರಡು ಮನೆಗಳಲ್ಲಿ ಎಡಗೈಯವರು ಯಾರೂ ಹುಟ್ಟಿಲ್ಲ. ಎಡಗೈಯವನು ಆದವನು ಒಬ್ಬನೇ. ನಿನ್ನ ಗಂಡ, ನನ್ನ ಮೈದುನ.

ಕಿವಿಯಲ್ಲಿ ಗುಂಯ್ ಎಂದಿತು. ಮೇಲಿನ ಮುದ್ರಣಾಲಯದಲ್ಲಿ ಯಂತ್ರ ಓಡುತ್ತಿತ್ತು, ಅದರ ಸದ್ದೋ ನನ್ನ ತಲೆಯದ್ದೋ ತಿಳಿಯಲಿಲ್ಲ. ಒಂಬತ್ತು ವರ್ಷದ ಹಿಂದೆ ಒಣಮರ ಕೊಯ್ಯುವಾಗ ಓಡುತ್ತಿದ್ದ ಚೈನು ಪಟ್ಟಿಯಿಂದ ಹಾರಿ ಅವನ ಬಲಗೈಯ ಮೂರು ಬೆರಳು ತೆಗೆಯಿತು. ಆಸ್ಪತ್ರೆಯ ಓಣಿಯಲ್ಲಿ ಹತ್ತು ಜನರ ಎದುರು ನಾನು ಏನು ಅಂದೆ ಎಂಬುದು ನಿನಗೆ ಅಕ್ಷರ ಅಕ್ಷರವೂ ನೆನಪಿರುತ್ತದೆ, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ. “ಚೈನು ಬಿಗಿ ಮಾಡದೆ ಉದಾಸೀನ ಮಾಡಿದವನಿಗೆ ದೇವರೇ ಬುದ್ಧಿ ಕಲಿಸಿದ” ಎಂದೆ. ನೀನು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದೆ. ಆ ಡಬ್ಬಿ ನಮ್ಮದು, ಊಟ ತುಂಬಿಸಿ ನಾನೇ ತಂದುಕೊಟ್ಟಿದ್ದೆ. ಆಮೇಲೆ ನೀನು ಅದನ್ನು ತೊಳೆದು, ಬೇರೆಯವರ ಕೈಯಲ್ಲಿ ವಾಪಸು ಕಳಿಸಿದ್ದೆ. ಅದರೊಳಗೆ ಒಂದು ಚೀಟಿಯಾದರೂ ಇರುತ್ತದೆ ಎಂದು ತೆರೆದು ನೋಡಿದ್ದೆ. ಏನೂ ಇರಲಿಲ್ಲ. ಅದನ್ನೇ ಸೊಕ್ಕು ಅಂದುಕೊಂಡೆ. ಅವತ್ತೇ ದೇವರ ಮುಂದೆ ನಿಂತು, ಅವನ ಹೆಸರು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಆಣೆ ಹಾಕಿದೆ.

ಅದೇ ಕೈ ವಾರ ವಾರ ನಮ್ಮ ಚೈನಿಗೆ ಅರ ಹಾಕುತ್ತಾ ಬಂದಿದೆ. ಹೇಗೆ, ಯಾವಾಗ, ಎಲ್ಲಿ? ಅಜ್ಜನ ಸ್ಟೂಲಿನ ಮೇಲೆ ಕೂತೇ ಲೆಕ್ಕ ಹಾಕಿದೆ. ಹಾಕುತ್ತಾ ಹಾಕುತ್ತಾ ಒಂದೇ ಹೊತ್ತು ಉಳಿಯಿತು. ಶನಿವಾರ ಸಂಜೆ.

ನಿನ್ನ ಭಾವ ಮೊದಲಿನಿಂದಲೂ ದೇವರೆಂದರೆ ಅಷ್ಟಕ್ಕಷ್ಟೆ. ನಾನು ಕೈಮುಗಿದು ಕೂತರೆ ಅವರು ಆಕಳಿಸುತ್ತಿದ್ದರು. ಆ ಅಪಘಾತವಾಗಿ ಆರು ತಿಂಗಳಿಗೆ ಒಂದು ದಿನ ತಾವಾಗಿಯೇ, ಶನಿವಾರದ ಪ್ರಾರ್ಥನಾ ಕೂಟಕ್ಕೆ ಹೋಗಿಬರುತ್ತೇನೆ, ಗಂಡಸರ ಕೂಟ, ನೀನು ಬರಬೇಡ ಅಂದರು. ನನಗಾದ ಸಂತೋಷ ಕೇಳಬೇಡ. ಅಂದಿನಿಂದ ಕಾಲು ಮುರಿಯುವವರೆಗೆ ಒಂದು ಶನಿವಾರವೂ ತಪ್ಪಿಸಿಲ್ಲ. ಮಳೆಯಿರಲಿ ಜ್ವರವಿರಲಿ, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುವರು. ಚೀಲದಲ್ಲಿ ಪ್ರಾರ್ಥನೆಯ ಪುಸ್ತಕ ಇದೆ ಅಂದುಕೊಂಡಿದ್ದೆ. ಪುಸ್ತಕಕ್ಕೆ ಎಣ್ಣೆಯ ವಾಸನೆ ಏಕೆ ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ಗಂಡ ಭಕ್ತರಾದರು ಎಂದು ಹೆಚ್ಚುಕಡಿಮೆ ಒಂಬತ್ತು ವರ್ಷ ದೇವರಿಗೆ ಕೃತಜ್ಞತೆ ಹೇಳಿದ್ದೇನೆ. ನೆರೆಮನೆಯವಳ ಮುಂದೆ ಜಂಬ ಕೊಚ್ಚಿದ್ದೇನೆ. ದೇವರು ಎಷ್ಟು ನಕ್ಕಿರಬೇಕು.

ಇನ್ನೊಂದು ಹೇಳುತ್ತೇನೆ, ನಗಬೇಕು ಅನ್ನಿಸಿದರೆ ನೀನೂ ನಗು. ಮುಂಚೆ ನಿನ್ನ ಭಾವ ಕೊಯ್ದ ತುಂಡುಗಳು ಸೊಟ್ಟಗಿರುತ್ತಿದ್ದವು, ಸೌದೆ ಜೋಡಿಸಿದರೆ ರಾಶಿ ಉರುಳುತ್ತಿತ್ತು. ಈಚಿನ ವರ್ಷಗಳಲ್ಲಿ ಬ್ರೆಡ್ಡು ಕೊಯ್ದ ಹಾಗೆ ನೇರ. ಏನಿದು ಎಂದು ಕೇಳಿದರೆ, “ವಯಸ್ಸಾದ ಹಾಗೆ ಕೈ ಪಳಗುತ್ತೆ ಕಣೇ” ಎಂದು ಮೀಸೆ ತಿರುವುತ್ತಿದ್ದರು.

ಅರದಜ್ಜ ನನ್ನ ಮುಖ ನೋಡಿ ನೀರು ಕೊಟ್ಟ. ಕುಡಿದೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ, ಮುಗಿಯಲಿಲ್ಲ. ಅವನು ಗುಜರಿಯ ಚೈನನ್ನು ಎತ್ತಿಕೊಂಡ. ಚೈನಿನ ಒಳಬದಿಯಲ್ಲಿ ಇನ್ನೊಂದು ಸಾಲು ಹಲ್ಲಿದೆ. ಅದು ಪಟ್ಟಿಯ ಅಂಚಿನ ಸಂದಿನೊಳಗೆ ಕೂತು ಓಡುತ್ತದೆ. ಆ ಹಲ್ಲನ್ನು ನಮ್ಮ ಪಟ್ಟಿಯ ಸಂದಿಗೆ ಇಳಿಸಿ, ಕಿರುಬೆರಳಲ್ಲಿ ತಳ್ಳಿದ. ಚೈನು ಅತ್ತ ಇತ್ತ ವಾಲಿತು. “ನೋಡಿ, ಬೀಳೋ ಹಲ್ಲಿನ ಹಾಗೆ ಓಲಾಡುತ್ತೆ. ಉದ್ದ ಸರಿ, ಹಲ್ಲಿನ ಅಂತರ ಸರಿ. ದಪ್ಪ ಮಾತ್ರ ಕಡಿಮೆ. ಕಣ್ಣಿಗೆ ಕಾಣಲ್ಲ. ಇದನ್ನ ಹಾಕಿ ಎಷ್ಟು ಬಿಗಿ ಮಾಡಿದ್ರೂ ಒಂದಲ್ಲ ಒಂದು ದಿನ ಹಾರುತ್ತೆ” ಅಂದ.

ಎಷ್ಟು ಬಿಗಿ ಮಾಡಿದರೂ. ಈ ಮಾತನ್ನು ಎರಡು ಸಲ ಹೇಳಿಸಿದೆ.

ಆಗ ಅವನು ಹಿಂದಿನ ಗೋಡೆಯ ಮೊಳೆಯಿಂದ ಒಂದು ಚೈನು ಇಳಿಸಿ ನನ್ನ ತೊಡೆಯ ಮೇಲಿಟ್ಟ. ಅದರ ಜೊತೆ ದಾರದಲ್ಲಿ ಕಟ್ಟಿದ ಒಂದು ಹಳದಿ ರಟ್ಟಿನ ಡಬ್ಬ. ಅಗ್ಗದ್ದು ಹುಡುಕಿಕೊಂಡು ಬರುವವರಿಗೆಲ್ಲ ಅದನ್ನೇ ತೋರಿಸುತ್ತಾನಂತೆ. “ಇದು ಒಬ್ಬರ ಬೆರಳು ತಿಂದ ಚೈನು. ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದಿದ್ದರು. ಅಳೆದು ಹೇಳಿ, ತಪ್ಪು ನನ್ನದಾ ಚೈನಿನದ್ದಾ ಅಂತ ಕೇಳಿದರು. ಇದೂ ಹೀಗೇ, ದಪ್ಪ ಕಡಿಮೆ. ನಿಮ್ಮ ತಪ್ಪಿಲ್ಲ, ಬರೆದು ಕೊಡಲಾ ಅಂದೆ. ಬೇಡ, ಇದು ನಿಮ್ಮಲ್ಲೇ ಇರಲಿ, ಯಾರ ಚೈನು ಅಂತ ಯಾರಿಗೂ ಹೇಳಬೇಡಿ ಅಂದು ಹೋದರು. ಯಾರು ಅಂತ ನಾನೂ ಕೇಳಲಿಲ್ಲ” ಅಂದ.

ನಾನು ಆ ಡಬ್ಬವನ್ನು ನೋಡಿದೆ. ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಮತ್ತೆ ನೋಡಲಿಲ್ಲ.

ಆಮೇಲಿನದ್ದು ಬೇಗ ಹೇಳುತ್ತೇನೆ. ಅಜ್ಜ ಪಟ್ಟಿಯ ಬುಡದ ಜಿಡ್ಡು ಒರೆಸಿ, ಅಲ್ಲಿ ಕೊರೆದಿದ್ದ ಅಂಕೆ ಓದಿ, ಒಳಹಲ್ಲುಗಳನ್ನು ನನ್ನಿಂದಲೇ ಎಣಿಸಿದ. ಎಪ್ಪತ್ತೆರಡು. ಸುರುಳಿಯಿಂದ ಸರಿಯಾದ ದಪ್ಪದ ಚೈನನ್ನು ಅಷ್ಟೇ ಲೆಕ್ಕಕ್ಕೆ ಕತ್ತರಿಸಿ ಜೋಡಿಸಿಕೊಟ್ಟ. ಪಟ್ಟಿ ಹೊಸದು ಬೇಡ, ತಿರುಗಿಸಿ ಹಾಕಿದರೆ ಸವೆಯದ ಅಂಚು ಕೆಳಗೆ ಬರುತ್ತದೆ, ಇನ್ನೆರಡು ವರ್ಷ ಬಾಳುತ್ತದೆ ಎಂದು ಅಂಚನ್ನು ಉಜ್ಜಿ ನೇರ ಮಾಡಿದ. ಗಾಜಿನ ಅಂಗಡಿಯ ಚೀಟಿಯಲ್ಲಿದ್ದದ್ದರ ಐದನೇ ಒಂದು ಪಾಲಿಗೆ ಎಲ್ಲ ಮುಗಿಯಿತು. ಬೇರೆ ದಿನವಾಗಿದ್ದರೆ ದಾರಿಯುದ್ದಕ್ಕೂ ಹಿಗ್ಗುತ್ತಿದ್ದೆ. ಗುಜರಿಯವಳಿಗೆ ಅವಳ ಚೈನು ವಾಪಸು ಕೊಟ್ಟಾಗ ಅವಳು, “ಏನಮ್ಮ, ಮುಖ ಯಾಕೆ ಸುಣ್ಣ ಬಳಿದ ಹಾಗಿದೆ?” ಅಂದಳು. ಬಿಸಿಲು ಅಂದೆ.

ಮನೆಗೆ ಬಂದು ಮಂಚದ ಪಕ್ಕ ಕುರ್ಚಿ ಎಳೆದು ಕೂತೆ. ಹಳೆಯ ಚೈನನ್ನು ನಿನ್ನ ಭಾವನ ಹೊದಿಕೆಯ ಮೇಲಿಟ್ಟು, ಶನಿವಾರದ ಕೂಟದಲ್ಲಿ ಈಗ ಯಾವ ಅಧ್ಯಾಯ ಓದುತ್ತಿದ್ದಾರೆ ಎಂದು ಕೇಳಿದೆ. ಅವರು ಚೈನು ನೋಡಿದರು, ನನ್ನನ್ನು ನೋಡಿದರು, ಛಾವಣಿ ನೋಡಿದರು. ಆಮೇಲೆ, “ಐಸ್ ಕಾರ್ಖಾನೆಯ ಗೇಟಿನ ಪಕ್ಕದ ಕೋಣೆ. ಶನಿವಾರ ಅಲ್ಲಿ ಅವನ ಕಾವಲು ಪಾಳಿ. ಅವನು ಅರ ಹಾಕ್ತಾನೆ, ನಾನು ಚೈನು ಹಿಡ್ಕೊಂಡು ಕೂರ್ತೀನಿ” ಅಂದರು. ನನಗೆ ಯಾಕೆ ಹೇಳಲಿಲ್ಲ ಅಂದೆ. “ಹೆಸರು ಎತ್ತಬಾರದು ಅಂತ ಆಣೆ ಹಾಕಿದ್ದೆಯಲ್ಲ. ನಾನು ಹೆಸರು ಎತ್ತಲಿಲ್ಲ” ಅಂದರು. ಅಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದೆ. ಅಂಥದ್ದೇನಿಲ್ಲ, ಎಪ್ಪತ್ತೆರಡು ಒಳಹಲ್ಲಿನ ಚೈನಿನಲ್ಲಿ ಕೊಯ್ಯುವ ಹಲ್ಲು ಮೂವತ್ತಾರು, ಅಷ್ಟಕ್ಕೆ ಎಷ್ಟು ಮಾತು ಬೇಕೋ ಅಷ್ಟು ಅಂದರು.

ಇದೆಲ್ಲ ನಿನಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿದ್ದರೆ ನಿನ್ನ ತಾಳ್ಮೆಗೆ ಕೈಮುಗಿಯುತ್ತೇನೆ. ಗೊತ್ತಿಲ್ಲದಿದ್ದರೆ ಅವನ ಮೇಲೆ ರೇಗಬೇಡ. ನಮ್ಮಿಬ್ಬರ ಮನೆಯ ಗಂಡಸರು ಬೇರೆ ದಾರಿ ಕಾಣದೆ ಕಳ್ಳರ ಹಾಗೆ ಅಣ್ಣತಮ್ಮಂದಿರಾಗಿದ್ದಾರೆ. ಆ ದಾರಿ ಮುಚ್ಚಿದವಳು ನಾನು.

ಆಣೆ ಮುರಿದರೆ ಪಾಪ ಎಂದು ನಂಬಿದವಳು ನಾನು. ಎರಡು ದಿನ ದೇವರ ಮುಂದೆ ಕೂತು ಕೇಳಿದೆ. ಉತ್ತರವೇನೂ ಬರಲಿಲ್ಲ. ಬರದಿದ್ದದ್ದೇ ಉತ್ತರ ಎಂದು ತೋರಿತು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ನಿನ್ನ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಒಳಗಿನಿಂದ ನಿನ್ನ ಭಾವ, “ಯಾರು ಬಂದರು?” ಎಂದು ಕೇಳಿದರು. ಇನ್ನೂ ಯಾರೂ ಬಂದಿಲ್ಲ ಅಂದೆ.

ಹೊಸ ಚೈನು ಜಗಲಿಯ ಮೇಲಿದೆ. ಒಂದು ದಿನ ಕೊಯ್ದರೆ ಅದಕ್ಕೂ ಅರ ಬೇಕು. ನಿನ್ನ ಭಾವ ನಡೆಯುವಂತಿಲ್ಲ. ಮಿಲ್ಲಿನ ಕೂಲಿಯವನಿಗೆ ಅರ ಹಾಕಲು ಬಾರದು. ಬೇಕರಿಯವರ ಗಡುವಿಗೆ ಇನ್ನು ಹದಿನಾರು ದಿನ. ಶನಿವಾರ ಸಂಜೆ ಪಾಳಿ ಬದಲಿಸಿಕೊಳ್ಳಲು ಹೇಳಿ, ನಿನ್ನ ಗಂಡನನ್ನು ನಮ್ಮ ಮನೆಯ ಮುಂಬಾಗಿಲಿಗೆ ಕಳಿಸು. ನೀನೂ ಜೊತೆಗೆ ಬಂದರೆ ಆ ಊಟದ ಡಬ್ಬಿ ಇನ್ನೂ ನಮ್ಮಲ್ಲೇ ಇದೆ, ತುಂಬಿಸಿಡುತ್ತೇನೆ. ಬರದಿದ್ದರೆ ನನಗೆ ಬೇಜಾರಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ಬರೆಯುವುದಿಲ್ಲ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಹಿಂದೆ ನೀನು ‘ಅಕ್ಕ’ ಎಂದು ಕರೆಯುತ್ತಿದ್ದವಳು

ಮರೆತು ಬಿಟ್ಟದ್ದು: ಮರೆತದ್ದಲ್ಲ, ಸುಳ್ಳೇಕೆ. ಸಹಿ ಹಾಕಿ, ಕವರಿಗೆ ಹಾಕಿ, ಅಂಟು ಹಚ್ಚಲು ಹೋದೆ. ಕೈ ಬರಲಿಲ್ಲ. ಮನೆಗೆ ಯಾವ ಹೊಸ ವಸ್ತು ಬಂದರೂ, ಅದರ ಡಬ್ಬದ ಮೇಲೆ ‘ದೇವರು ಕಾಯಲಿ’ ಎಂದು ಪೆನ್ಸಿಲಿನಲ್ಲಿ ಬರೆಯುವ ಅಭ್ಯಾಸ ನನಗೆ. ನೀನು ಅದನ್ನು ನೋಡಿ ನಗುತ್ತಿದ್ದೆ. ಅರದಜ್ಜನ ಮೊಳೆಯಲ್ಲಿ ತೂಗುವ ಹಳದಿ ಡಬ್ಬದ ಮೇಲೆ ಇರುವುದು ಅದೇ ಮಾತು, ಬರಹ ನನ್ನದು. ಒಂಬತ್ತು ವರ್ಷದ ಹಿಂದೆ ಹೊಸ ಚೈನು ತರಲು ಹೊರಟಿದ್ದ ನಿನ್ನ ಗಂಡನನ್ನು ನಿಲ್ಲಿಸಿ, ನಾನೇ ಅಗ್ಗಕ್ಕೆ ತರುತ್ತೇನೆ ಎಂದು ಹೋಗಿ, ಹಳೆಯದರ ಪಕ್ಕ ಹಿಡಿದು ನೋಡಿ ತಂದವಳು ನಾನು. ಅವನು ಅದನ್ನು ಸರಿಯಾಗಿಯೇ ಬಿಗಿ ಮಾಡಿದ್ದ. ನಿನ್ನ ಭಾವನಿಗೂ ಇದು ಗೊತ್ತಿತ್ತು. ಶುಕ್ರವಾರ ಬಾಯಿ ಬಿಡಿಸಿದೆ. ಗೋಡೆಯ ಕಡೆ ತಿರುಗಿ, “ಅವನೇ ಬೇಡ ಅಂದ. ಅತ್ತಿಗೆಗೆ ಗೊತ್ತಾದರೆ ತಡ್ಕೊಳ್ಳಲ್ಲ, ನನ್ನ ಮೇಲೇ ಇರಲಿ ಅಂದ” ಅಂದರು. ನಾನು ಆಸ್ಪತ್ರೆಯ ಓಣಿಯಲ್ಲಿ ಆ ಮಾತು ಆಡಿದ ಮೇಲೆ ಅವನು ಹೀಗೆ ಅಂದದ್ದು.

ಇದನ್ನು ಓದಿದ ಮೇಲೂ ಶನಿವಾರ ಬರುವುದಾದರೆ ಬಾ. ಹೊಸ ಚೈನನ್ನು ಅರದಜ್ಜ ಒಂದು ಬಿಳಿ ಡಬ್ಬದಲ್ಲಿ ಹಾಕಿ ಕೊಟ್ಟಿದ್ದಾನೆ. ಅದರ ಮೇಲೆ ನಾನಿನ್ನೂ ಏನೂ ಬರೆದಿಲ್ಲ. ನನ್ನ ಮೈದುನ ಬಂದು ಚೈನನ್ನು ಪಟ್ಟಿಗೆ ಕೂರಿಸಿ, ಬೆರಳಲ್ಲಿ ತಳ್ಳಿ ನೋಡಿ, ಸರಿ ಇದೆ ಅಂದ ಮೇಲೆ ಬರೆಯುತ್ತೇನೆ.